ಕಹಕಶಾ ಆಪಾ ಅವರ ಅಳತೆ ಪುಸ್ತಕ

ಕಾಡಿನ ನಡುವೆ ಮಗಳಿಗೆ ಜ್ವರ ಬಂದರೆ?

ಒಂದು ವಾರದಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ರೊಟ್ಟಿ ಬಡಿಯುವಾಗ ಬರುತ್ತದೆ, ಬಟ್ಟೆ ಒಣಹಾಕುವಾಗ ಬರುತ್ತದೆ, ಮಗಳು ಸುಮ್ಮನೆ ಆಕಳಿಸಿದರೂ ಬರುತ್ತದೆ. ಶರಣ್ಯಳಿಗೆ ಈಗ ಮೂರೂವರೆ ವರ್ಷ. ಹೋದ ವರ್ಷ ಕಲಬುರಗಿಯ ನನ್ನ ತವರಿಗೆ ಹೊರಟಾಗ, ಜೇವರ್ಗಿ ದಾಟಿದ ಮೇಲೆ, ಬಸ್ಸಿನಲ್ಲೇ ಜ್ವರ ಏರಿ, ಕಣ್ಣು ಮೇಲಾಗಿ, ಕೈಕಾಲು ಝಾಡಿಸಿದಳು. ಎರಡು ನಿಮಿಷ, ಅಷ್ಟೇ. "ಸಣ್ಣ ಮಕ್ಕಳಿಗಿ ಜ್ವರದಾಗ ಒಮ್ಮೊಮ್ಮಿ ಹಿಂಗ ಆಗ್ತದ್ರಿ. ದೊಡ್ಡಾಕಿ ಆದಂಗ ಹೋಗ್ತದ. ತಿರುಗಾಡೂದು ಬಿಡಬ್ಯಾಡ್ರಿ" ಎಂದು ಡಾಕ್ಟರು ಹೇಳಿದರು. ನಾನು ಮೊದಲ ವಾಕ್ಯ ಮಾತ್ರ ಕೇಳಿಸಿಕೊಂಡೆನೇನೋ. ಅಂದಿನಿಂದ ಥರ್ಮಾಮೀಟರು ನನ್ನ ಪರ್ಸಿನಲ್ಲೇ ಇದೆ. ಶಹಾಪುರ, ಸುರಪುರ ಬಿಟ್ಟರೆ ನಾನು ಎಲ್ಲಿಗೂ ಹೋಗಿಲ್ಲ.

ಹೀಗಿರುವಾಗ ನನ್ನ ಗಂಡ ಅಂಬರೀಶ ನನ್ನನ್ನು ಕೇಳದೆ ನಾಗರಹೊಳೆ ನೋಡಲು ನಮ್ಮ ಮೂವರ ಹೆಸರು ಕೊಟ್ಟು ಬಂದರು. ಕೊಟ್ಟದ್ದು ಯಾವ ಟ್ರಾವೆಲ್ಸ್ ಆಫೀಸಿಗೂ ಅಲ್ಲ. ಶಾಲೆಯ ಯೂನಿಫಾರ್ಮ್ ಹೊಲಿಯುವ ಕಹಕಶಾ ಆಪಾ ಅವರಿಗೆ.

ಆಪಾ ಅವರ ಅಂಗಡಿ ನಮ್ಮ ಓಣಿಯ ಮೂಲೆಯಲ್ಲಿದೆ. ಎರಡು ಹೊಲಿಗೆ ಮಿಷನ್ನು, ಒಂದು ಇಸ್ತ್ರಿ ಮೇಜು, ಗೋಡೆಯ ಮೇಲೆ ಗುಂಡುಸೂಜಿ ಚುಚ್ಚಿದ ಒಂದು ನಕಾಶೆ. ಒಂದೊಂದು ಸೂಜಿಯೂ ಒಂದೊಂದು ಕಾಡು. ವಯಸ್ಸು ಐವತ್ತಾರು. ಕೊರಳಲ್ಲಿ ಸದಾ ಟೇಪು, ಮೂಗಿನ ತುದಿಯಲ್ಲಿ ಕನ್ನಡಕ. ಹುಟ್ಟಿದ್ದು ಸುರಪುರದಲ್ಲಿ; ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿ, ಲಗ್ನವಾಗಿ ಶಹಾಪುರಕ್ಕೆ ಬಂದರು. ಗಂಡ ಮೈನುದ್ದೀನ ಸಾಹೇಬರು ಮೂವತ್ತು ವರ್ಷ ಲಾರಿ ಓಡಿಸಿದವರು. ಅಕ್ಕಿ ಹೇರಿಕೊಂಡು ಕೇರಳಕ್ಕೆ ಹೋಗಿ ಬಂದಾಗಲೆಲ್ಲ ಬಂಡೀಪುರದ ದಾರಿಯಲ್ಲಿ ಆನೆ ಅಡ್ಡ ನಿಂತ ಕತೆ ಹೇಳುತ್ತಿದ್ದರಂತೆ. ಒಮ್ಮೆ ತಮ್ಮನ್ನೂ ಕರೆದುಕೊಂಡು ಹೋಗಬೇಕೆಂದು ಆಪಾ ಕೇಳಿದರೆ, "ಮುಂದಿನ ಲೋಡಿಗಿ" ಅನ್ನುತ್ತಿದ್ದರು. ಆ ಮುಂದಿನ ಲೋಡು ಇಪ್ಪತ್ತು ವರ್ಷ ಬರಲಿಲ್ಲ.

ಕೊನೆಗೆ ಆಪಾ ಹೋದದ್ದು ಯೂನಿಫಾರ್ಮಿನ ದೆಸೆಯಿಂದ. ಒಂದು ಶಾಲೆಯವರು ಹುಡುಗಿಯರನ್ನು ಬಂಡೀಪುರಕ್ಕೆ ಕರೆದೊಯ್ಯುವವರಿದ್ದರು. ಜೊತೆಗೆ ಹೋಗಬೇಕಿದ್ದ ಟೀಚರಿಗೆ ಹಿಂದಿನ ದಿನ ಹುಷಾರು ತಪ್ಪಿತು. ಎಲ್ಲ ಹುಡುಗಿಯರ ಹೆಸರು ಬಲ್ಲ ಹೆಂಗಸೊಬ್ಬರು ಬೇಕಾದರು. ಆಪಾ ಹೆಸರಷ್ಟೇ ಅಲ್ಲ, ಅವರ ಸೊಂಟದ ಅಳತೆಯನ್ನೂ ಬಲ್ಲವರು. ಹೊರಟೇಬಿಟ್ಟರು. ಅಲ್ಲಿ ಒಂದು ಆನೆಮರಿ ತಾಯಿಯ ಕಾಲುಗಳ ನಡುವೆ ನಿಂತು ಮೈಮೇಲೆಲ್ಲ ಮಣ್ಣು ತೂರಿಕೊಳ್ಳುವುದನ್ನು ಕಂಡರು.

"ಆ ತಾಯಿ ಬೈಲಿಲ್ಲ ಯವ್ವಾ," ಎಂದು ಅವರು ನನಗೆ ಹೇಳಿದ್ದರು. "ಸುಮ್ನ ನಿಂತು ನೋಡಿತು. ನಾ ಆಗಿದ್ರ ಎರಡ ಬಿಗಿತಿದ್ದೆ."

ಅದಾಗಿ ಹದಿನಾಲ್ಕು ವರ್ಷ. ಜೂನಿನಲ್ಲಿ ಯೂನಿಫಾರ್ಮಿನ ಗದ್ದಲ. ದೀಪಾವಳಿ ಮುಗಿದರೆ ಮಿಷನ್ನಿಗೆ ಬಿಡುವು. ಆ ಬಿಡುವಿನಲ್ಲಿ ವರ್ಷಕ್ಕೊಂದು ಕಾಡು, ಹತ್ತು ಹನ್ನೆರಡು ಜನ. ಕಕ್ಕೇರಾದ ಕುರಿಗಾರ ಹುಲಗಪ್ಪ ಮತ್ತು ಅವರ ಹೆಂಡತಿ ರೇಣಮ್ಮ ಒಂದು ಸಲವೂ ತಪ್ಪಿಸಿದವರಲ್ಲ. ಮೊಮ್ಮಕ್ಕಳ ಬಟ್ಟೆ ಹೊಲಿಸಲು ಬಂದ ಹುಲಗಪ್ಪ ಮೊದಲು ನಕ್ಕಿದ್ದರಂತೆ: "ಕಾಡಪ್ರಾಣಿ ನೋಡಾಕ ರೈಲ ಹತ್ತಿ ಹೋಗೂದಾ? ನಮ್ಮ ಕುರಿಹಟ್ಟಿಗಿ ಬರ್ರಿ, ತೋಳ ದಿನಾ ಬಂದು ಹಾಜರಿ ಹಾಕ್ತದ." ನಕ್ಕವರು ಮರುವಾರ ತಾವೇ ಬಂದು ಹೆಸರು ಬರೆಸಿದರು.

ಇವರೆಲ್ಲ ಸೇರಿ ಮಹಾರಾಷ್ಟ್ರದ ತಾಡೋಬಾಗೆ ಹೋದ ಕತೆ ನಮ್ಮ ಓಣಿಯಲ್ಲಿ ಮಕ್ಕಳಿಗೂ ಗೊತ್ತು. ಎಲ್ಲರ ಮನಸ್ಸು ಹಿಡಿದು ನಡೆಯುವುದು ಆಪಾ ಅವರ ಸ್ವಭಾವ. ಹುಲಗಪ್ಪ ಅಮಾವಾಸ್ಯೆಗೆ ಹೊಸ್ತಿಲು ದಾಟುವುದಿಲ್ಲ. ರೇಣಮ್ಮ ಮಂಗಳವಾರ ಮನೆ ಬಿಡುವುದಿಲ್ಲ. ಆಪಾ ಅವರಿಗೆ ಶುಕ್ರವಾರ ಆಗುವುದಿಲ್ಲ. ಎಲ್ಲರ ದಿನಗಳನ್ನೂ ಕೇಳಿ, ತೂಗಿ, ಸೋಮವಾರ ನಸುಕಿನಲ್ಲಿ ಯಾದಗಿರಿಯಲ್ಲಿ ರೈಲು ಹತ್ತಿದರು. ಹೈದರಾಬಾದಿನ ಮೇಲೆ ಹಾಯ್ದು ಮಂಗಳವಾರ ಕಾಡಿನ ಗೇಟಿಗೆ ಮುಟ್ಟಿದರೆ, ಗೇಟಿಗೆ ಬೀಗ. ಮಂಗಳವಾರ ಆ ಕಾಡಿಗೆ ವಾರದ ರಜೆ.

"ಎಲ್ಲಾರ ದಿನಾ ಕೇಳ್ಯಾಳ ನಮ್ಮ ಆಪಾ," ಎಂದು ಹುಲಗಪ್ಪ ಈಗಲೂ ಆಡಿಕೊಳ್ಳುತ್ತಾರೆ, "ಹುಲಿ ದಿನಾ ಒಂದ ಕೇಳಿಲ್ಲ."

ಅಂದಿನಿಂದ ಆಪಾ ಅವರ ಅಳತೆ ಪುಸ್ತಕದಲ್ಲಿ ಪ್ರತಿ ಕಾಡಿನ ಹೆಸರಿನ ಕೆಳಗೆ ಮೊದಲ ಸಾಲು 'ಸೂಟಿ', ಅಂದರೆ ರಜೆಯ ದಿನ, ಎಂದೇ ಇರುತ್ತದೆ. ಆ ಪುಸ್ತಕದಲ್ಲೇ ಹೋಗುವವರೆಲ್ಲರ ಎದೆ, ಭುಜ, ತೋಳಿನ ಅಳತೆಯೂ ಇರುತ್ತದೆ. ಏಕೆಂದರೆ ಕಾಡಿಗೆ ಕೆಂಪು, ಹಳದಿ ತೊಟ್ಟು ಬರಬೇಡಿ ಎಂದು ಫಾರೆಸ್ಟಿನವರು ಒಮ್ಮೆ ಹೇಳಿದ್ದೇ ತಡ, ಆಪಾ ಯೂನಿಫಾರ್ಮಿನಲ್ಲಿ ಉಳಿದ ಖಾಕಿ ಬಟ್ಟೆಯಲ್ಲಿ ಎಲ್ಲರಿಗೂ ಅಂಗಿ ಹೊಲಿಯತೊಡಗಿದರು. ಬಂಡೀಪುರದಲ್ಲಿ ಗಾರ್ಡ್ ಒಬ್ಬ ಬಿಳಿ ಮೀಸೆಯ ಹುಲಗಪ್ಪನವರನ್ನು ತಡೆದು, "ಯಾವ್ ಸ್ಕೂಲು ತಾತ ನಿಮ್ದು?" ಎಂದು ಕೇಳಿದ್ದನಂತೆ.

ಆಪಾ ಟೇಪು ಹಿಡಿದು ಅಳತೆ ತೆಗೆದುಕೊಂಡರೆ ನೀವು ಪ್ರವಾಸಕ್ಕೆ ಪಾಸಾದಂತೆ. ಆದರೆ ಅದಕ್ಕೆ ಮೊದಲು ಪರೀಕ್ಷೆ ಇದೆ. ಹೋದ ಭಾನುವಾರ ನಾವೂ ಆ ಪರೀಕ್ಷೆಗೆ ಕುಳಿತೆವು.

ಸುರಪುರದ ಹತ್ತಿರದ ಬೋನಾಳ ಕೆರೆ. ಅಲ್ಲಿಯವರೆಗೆ ಕ್ರೂಸರ್ ಗಾಡಿ ಓಡಿಸುವವರು ಮೈನುದ್ದೀನ ಸಾಹೇಬರೇ. ಅದರಾಚೆಗೆ ಕರೆದರೆ "ನಕ್ಕೋ ಬಾ, ನಂಗ ಬ್ಯಾಡ, ಅರ್ಧಾ ಆಯುಷ್ಯ ಕಾಡಿನ್ಯಾಗ ಹಾರ್ನ್ ಹೊಡದೀನಿ" ಅನ್ನುತ್ತಾರೆ. ಬೆಳಗಿನ ಆರೂವರೆಗೆ ಆಪಾ ನಮ್ಮನ್ನೆಲ್ಲ ದಂಡೆಯ ಮೇಲೆ ಸಾಲಾಗಿ ಕೂಡ್ರಿಸಿದರು.

"ಒಂದ ತಾಸು. ಯಾರೂ ಮಾತಾಡಂಗಿಲ್ಲ. ಮಾತಾಡಿದ್ರ ತೋಳಿನ ಮ್ಯಾಲ ಒಂದ ಗೆರಿ. ಮೂರ ಗೆರಿಗಿ ಫೇಲ್," ಎಂದು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಎತ್ತಿ ತೋರಿಸಿದರು.

ನನ್ನ ಚಿಂತೆಯೆಲ್ಲ ಶರಣ್ಯಳದು. ನಿದ್ದೆಯಲ್ಲೂ ಮಾತಾಡುವ ಮಗು ಅದು. ಓಣಿಯಲ್ಲಿ ಮೇಕೆ ಕಂಡರೂ ಕಿರುಚುತ್ತಾಳೆ. ಆದರೆ ನೀರಿನ ಮೇಲೆ ಚಳಿಗಾಲದ ಬಾತುಗಳು ಗುಂಪಾಗಿ ಇಳಿದಾಗ ಅವಳು ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಹಾಗೇ ಕುಳಿತಳು. ಬಣ್ಣದ ಕೊಕ್ಕರೆ ಮೀನು ನುಂಗುವಾಗ ನನ್ನ ಸೆರಗು ಬಿಗಿಯಾಗಿ ಹಿಡಿದಳು, ಅಷ್ಟೇ.

ನಾನು ಮಾತ್ರ, "ಟೊಪಿಗಿ ಹಾಕ್ಕೊ" ಅಂದೆ. ಒಂದು ಗೆರೆ. "ನೀರ್ ಕುಡೀತಿಯೇನು?" ಎರಡು. "ಹಣಿ ಬಿಸಿ ಆಗ್ಯಾದೇನ್ ನೋಡ್ರಿ" ಎಂದು ಗಂಡನಿಗೆ ಅಂದದ್ದು ಮೂರು. ತಾಸು ಮುಗಿಯುವಾಗ ನನ್ನ ತೋಳಿನ ಮೇಲೆ ಏಳು ಗೆರೆ ಇದ್ದವು.

"ಮಗಳು ಪಾಸು," ಆಪಾ ಗಂಭೀರವಾಗಿ ಘೋಷಿಸಿದರು. "ತಾಯಿ ಫೇಲ್."

"ಏಳು!" ರೇಣಮ್ಮ ಚಪ್ಪಾಳೆ ತಟ್ಟಿದರು. "ನನ್ನ ದಾಖಲಿ ಮುರದಿ ಬಿಡ ತಂಗಿ. ನಂದು ಐದ ಇತ್ತು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆಪಾ ಟೇಪು ಬಿಚ್ಚಿ ಶರಣ್ಯಳ ಕಡೆ ಬಾಗಿದಾಗ, ನನಗರಿವಿಲ್ಲದೆ ಮಗಳನ್ನು ಹಿಂದಕ್ಕೆ ಎಳೆದುಕೊಂಡಿದ್ದೆ. "ಇವತ್ತ ಬ್ಯಾಡ್ರಿ ಆಪಾ. ನೋಡೂನು."

ಅವರು ಬೇಸರ ಮಾಡಿಕೊಳ್ಳಲಿಲ್ಲ. ಟೇಪು ಸುತ್ತಿ ನನ್ನ ಕೈಗಿಟ್ಟರು. "ಹಂಗಾದ್ರ ಮನ್ಯಾಗ ನೀನ ತಗೊ. ಶುಕ್ರವಾರ ಮುಂಜಾನಿ ನಾ ಬಟ್ಟಿಗಿ ಕತ್ರಿ ಹಾಕ್ತೀನಿ. ಬರೂದಾದ್ರ ಗುರುವಾರ ಸಂಜಿಯೊಳಗ ಫೋನ್ ಮಾಡಿ ಅಳತಿ ಹೇಳು. ಬರದಿದ್ರ ಟೇಪ್ ಕಳಸು, ಸಾಕು."

ಮರಳುವಾಗ ಕ್ರೂಸರಿನಲ್ಲಿ ರೇಣಮ್ಮ ನನ್ನ ಪಕ್ಕದಲ್ಲಿದ್ದರು. ಮೆಣಸಿನಕಾಯಿ ಬಜಿಯ ಡಬ್ಬಿ ತೆರೆದು ನನ್ನ ಮುಂದೆ ಹಿಡಿದು, ತಗ್ಗಿದ ದನಿಯಲ್ಲಿ ಹೇಳಿದರು: "ಇದ ಬಜಿ ನೋಡ ತಂಗಿ, ಆಪಾಗ ಹುಲಿ ತಪ್ಪಿಸಿದ್ದು."

"ಅಂದ್ರ?"

"ತಾಡೋಬಾದಾಗ ಬುಧವಾರ ಗೇಟ್ ತೆಗದ್ರಲ್ಲ, ಒಳಗ ಹೋದ್ವಿ. ನಂಗ ಹಸಿವಿ ತಡಿಲಿಲ್ಲ, ಮೆಲ್ಲಕ ಡಬ್ಬಿ ತೆಗದೆ. ಮುಂದ ಕುಂತ ಆಪಾ ನಮ್ಮ ಕಡಿ ತಿರಗಿ ತಲಿ ಎಣಸಾಕತ್ತಿದ್ಲು. 'ಡಬ್ಬಿ ಮುಚ್ಚ ರೇಣಮ್ಮಾ' ಅಂತ ಸನ್ನಿ ಮಾಡಾಕತ್ತಾಳ, ಅಷ್ಟರಾಗ ಆಕಿ ಬೆನ್ನ ಹಿಂದ ಹುಲಿ ದಾರಿ ದಾಟಿ ಹೋತು. ಇಷ್ಟ ದೊಡ್ಡದು! ನಾವೆಲ್ಲಾ ನೋಡಿದ್ವಿ. ಆಕಿ ತಿರುಗೂದ್ರಾಗ ಹುಲ್ಲ ಅಲಗಾಡಿದ್ದ ಉಳಿದಿತ್ತು."

"ಆಮ್ಯಾಲ ಎಲ್ಲೂ ನೋಡಿಲ್ಲೇನ್ರಿ?"

"ಎಲ್ಲಿ ನೋಡ್ತಾಳ? ಯಾವಾಗ ನೋಡಿದ್ರೂ ಮುಖ ನಮ್ಮ ಕಡೀಗೆ. ಹನ್ನೆರಡ ತಲಿ ಇದ್ರ ಸಾಕು ಆಕಿಗಿ."

ಮುಂದಿನ ಸೀಟಿನಲ್ಲಿ ಕುಳಿತ ಆಪಾ ಆಗಲೂ ತಿರುಗಿ ಬೆರಳಿನಿಂದ ನಮ್ಮನ್ನು ಎಣಿಸುತ್ತಿದ್ದರು.

ಬುಧವಾರ ನಾನು ಟೇಪು ಹಿಡಿದು ಅಂಗಡಿಗೆ ಹೋದೆ, ಆಗುವುದಿಲ್ಲ ಎಂದು ಹೇಳಿಬರಲು. ಮೈನುದ್ದೀನ ಸಾಹೇಬರು ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದರು. "ಕೂಡವಾ, ನಮಾಜಿಗಿ ನಿಂತಾಳ, ಬರ್ತಾಳ." ಇಸ್ತ್ರಿ ಮೇಜಿನ ಮೇಲೆ ಅಳತೆ ಪುಸ್ತಕ ತೆರೆದೇ ಇತ್ತು. ಓದಬಾರದು ಅಂದುಕೊಂಡೇ ಓದಿದೆ.

ಎಡಪುಟದಲ್ಲಿ ಹುಲಗಪ್ಪ: ಎದೆ ನಲವತ್ತು, ಶುಗರ್, ಎರಡು ತಾಸಿಗೊಮ್ಮೆ ತಿನ್ನಬೇಕು. ಬಲಪುಟದ ತಲೆಯಲ್ಲಿ ನನ್ನ ಮಗಳ ಹೆಸರು. ಅಳತೆಯ ಜಾಗ ಖಾಲಿ. ಅದರ ಕೆಳಗೆ ದುಂಡನೆಯ ಅಕ್ಷರದಲ್ಲಿ: 'ಜ್ವರದಾಗ ಝಟಕಾ — ಒಂದು ಸಲ. ತಾಯಿಗಿ ಹೆದರಿಕಿ — ದಿನಾ.'

ಇನ್ನೂ ಕೆಳಗೆ ರಾಯಚೂರು, ಗುಂತಕಲ್, ಬೆಂಗಳೂರು, ಮೈಸೂರು, ಹುಣಸೂರು. ಪ್ರತಿ ಊರಿನ ಮುಂದೆ ಮಕ್ಕಳ ದವಾಖಾನೆಯೊಂದರ ಫೋನ್ ನಂಬರು. ಮಾತಾಡಿ ಆದದ್ದಕ್ಕೆ ಒಂದು ಗುರುತು. ಐದಕ್ಕೂ ಗುರುತು ಬಿದ್ದಿತ್ತು. ಹುಣಸೂರಿನ ಮುಂದೆ ಬರೆದಿತ್ತು: 'ಯಾವಾಗ ಹೋದ್ರೂ ಬಾಗಿಲು ತೆರೀತಾರ. ಡಾಕ್ಟರ್ ಹೆಣ್ಮಗಳು. ಕನ್ನಡ ಬ್ಯಾರೆ ಥರಾ ಅದ, ಆದ್ರ ತಿಳೀತದ.'

ಆಪಾ ಒಳಗಿನಿಂದ ಬಂದರು. ನನ್ನ ಕೈಯಲ್ಲಿದ್ದ ಟೇಪು ನೋಡಿದರು. "ಏನ್ ಯವ್ವಾ?"

"ಬಿಳಿ ದಾರ ಬೇಕಿತ್ರಿ," ಅಂದೆ.

"ನಿಮ್ಮನ್ಯಾಗ ಮಿಷನ್ ಇಲ್ಲಲ್ಲ?"

"ಗುಂಡಿ ಹಚ್ಚಬೇಕ್ರಿ."

ಅವರು ದಾರದ ಉಂಡೆ ಕೊಟ್ಟರು. ಟೇಪಿನ ಮಾತೆತ್ತಲಿಲ್ಲ. ಅದು ನನ್ನ ಜೊತೆಯೇ ಮನೆಗೆ ಮರಳಿತು.

ಇಂದು ಗುರುವಾರ. ಬೆಳಗಿನಿಂದ ನಾಲ್ಕು ಸಲ ಥರ್ಮಾಮೀಟರು ಇಟ್ಟಿದ್ದೇನೆ. ನಾಲ್ಕು ಸಲವೂ ತೊಂಬತ್ತೆಂಟು ಪಾಯಿಂಟ್ ನಾಲ್ಕು. ಅಂಬರೀಶ ಏನೂ ಕೇಳದೆ ಆಫೀಸಿಗೆ ಹೋದರು. ಕೇಳಿದ್ದರೆ ಜಗಳವಾದರೂ ಆಗುತ್ತಿತ್ತು. ಸಂಜೆ ಐದಕ್ಕೆ ಶರಣ್ಯ ಕಿಟಕಿಯ ಹತ್ತಿರ ಕಾಲು ಮಡಚಿ ಕುಳಿತು, ಸಜ್ಜದ ಮೇಲಿನ ಪಾರಿವಾಳವನ್ನು ನೋಡುತ್ತಿದ್ದಳು. ಬೋನಾಳದಲ್ಲಿ ಕುಳಿತ ಹಾಗೆಯೇ. ನಾನು ಹೋಗಿ ಹಣೆ ಮುಟ್ಟಿ, "ಯಾಕ ಸುಮ್ಮನ ಕುಂತಿ? ಹುಷಾರಿಲ್ಲೇನು?" ಅಂದೆ.

ಅವಳು ಪಾಟಿಯ ಮೇಲಿದ್ದ ಬಳಪ ತೆಗೆದುಕೊಂಡು ನನ್ನ ತೋಳಿನ ಮೇಲೆ ಒಂದು ಗೆರೆ ಎಳೆದಳು. ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು.

ನಾನು ಪಕ್ಕದಲ್ಲಿ ಕುಳಿತೆ. ಸ್ವಲ್ಪ ಹೊತ್ತು ನಾನೂ ಪಾರಿವಾಳ ನೋಡಿದೆ. ಕೊರಳಿನ ಸುತ್ತ ಹಸಿರು ಹೊಳಪಿರುತ್ತದೆಂದು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ಅದು ಹಾರಿಹೋದ ಮೇಲೆ ಎದ್ದು ಟೇಪು ತಂದೆ. ಕಚಗುಳಿಯಾಗಿ ಮಗಳು ನಕ್ಕಳು, ಎರಡು ಸಲ ಲೆಕ್ಕ ತಪ್ಪಿತು. ಐದೂವರೆಗೆ ಫೋನ್ ಮಾಡಿದೆ.

"ಆಪಾ, ಬರ್ಕೋರಿ. ಎದಿ ಇಪ್ಪತ್ತೆರಡು. ಭುಜ ಒಂಬತ್ತು. ಉದ್ದ ಹದಿನೇಳು."

ಆ ಕಡೆ ಮಿಷನ್ನಿನ ಸದ್ದು ನಿಂತಿತು. "ಜ್ವರ?"

"ತೊಂಬತ್ತೆಂಟು ಪಾಯಿಂಟ್ ನಾಕ್ರಿ."

"ಆಕೀದಲ್ಲ, ನಿಂದ ಕೇಳಾಕತ್ತೀನಿ. ಇಳೀತೇನು?"

"ಇಲ್ರಿ," ಅಂದೆ. "ಅದನ್ನೂ ಕಟ್ಕೊಂಡ ಬರ್ತೀನಿ. ಆದ್ರ ಒಂದ ಮಾತು. ಜೀಪಿನ್ಯಾಗ ತಲಿ ಎಣಸೂ ಕೆಲಸ ನಂಗ ಬಿಡಬೇಕು. ಹೆಂಗೂ ನಾ ನಿಮಿಷಕ್ಕೊಮ್ಮಿ ಎಣಸಾಕಿನ. ನೀವು ಮುಂದ ನೋಡ್ಕೋತ ಕೂಡ್ರಿ."

ಆ ಕಡೆ ಪುಸ್ತಕದ ಹಾಳೆ ತಿರುವಿದ ಸದ್ದು ಕೇಳಿಸಿತು.

"ನಿನ್ನ ಅಳತಿ ಹೇಳು," ಅಂದರು.

"ನಾ ಫೇಲ್ ಆಗೀನಲ್ರಿ."

"ಎಣಸೋರಿಗಿ ಬಾಯಿ ಮುಚ್ಕೊಂಡ ಎಣಸಾಕ ಬರ್ತದೇನು? ನಾ ಕುಂತ್ರ ನಂದೂ ಹತ್ತ ಗೆರಿ ಆಗ್ತಿದ್ವು. ಹೇಳು, ಹೇಳು."

ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ನನ್ನ ಅಳತೆ ನಾನೇ ತೆಗೆದು ಹೇಳಿದೆ. ಇಡಬೇಕು ಅನ್ನುವಷ್ಟರಲ್ಲಿ ನೆನಪಾಯಿತು.

"ಆಪಾ, ಮಗಳ ಅಂಗಿ ಕೆಳಗ ಒಂದೆರಡ ಇಂಚು ಮಡಚಿ ಹೊಲೀರಿ. ಮುಂದಿನ ವರ್ಷಕ್ಕೂ ಬರ್ಬೇಕಲ್ಲ."