ಓವರ್ಸಿಯರ್ ಎಳೆದುಕೊಂಡ ಕುರ್ಚಿ

ಪಂಜ ಪೇಟೆಯ ಆಚೆ, ಹೊಳೆ ದಾಟಿ ಹೋಗಬೇಕಾದ ಒಂದು ಅನುದಾನಿತ ಶಾಲೆಯಲ್ಲಿ ನಾನು ಟೀಚರಾಗಿದ್ದೆ. ಇದ್ದದ್ದು ಒಂದೇ ಕೋಣೆ, ಕಲಿಸಲು ನಾನೊಬ್ಬಳೇ. ಪಡುವಣ ಗೋಡೆ ಮಣ್ಣಿನದು. ಪ್ರತಿ ಮಳೆಗಾಲವೂ ನೀರು ಕುಡಿದು ಒಳಕ್ಕೆ ಉಬ್ಬುತ್ತಿತ್ತು. ಅದರ ಬುಡದಲ್ಲೇ ಒಂದನೇ ಕ್ಲಾಸಿನ ಮಕ್ಕಳು. ಬೇಸಿಗೆ ಬಂದರೆ ಶಾಲೆಯ ಸಂಚಾಲಕರು ಉಬ್ಬಿದ ಕಡೆ ಮಣ್ಣು ಮೆತ್ತಿ ಸುಣ್ಣ ಬಳಿಸುತ್ತಿದ್ದರು. ಆ ಬಿಳುಪು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಕಟ್ಟಡ ಭದ್ರವಾಗಿದೆ ಎಂದು ಸರಕಾರದ ಓವರ್ಸಿಯರ್ ಸಹಿ ಹಾಕಿದರೆ ಮಾತ್ರ ಶಾಲೆ ನಡೆಸಬಹುದು. ಮೊದಲೆಲ್ಲ ಆ ಸಹಿ ಪೇಟೆಯಲ್ಲೇ ಕೂತು ಬೀಳುತ್ತಿತ್ತು. ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರಿದ ಮೇಲೆ ನಿಯಮ ಬಿಗಿಯಾಯಿತು: ಖುದ್ದಾಗಿ ಬಂದು ನೋಡಬೇಕು. ಹಾಗೆ ಒಬ್ಬರು ಘಟ್ಟದ ಮೇಲಿನಿಂದ ಬಂದರು, ಸುಡು ಬೇಸಿಗೆಯಲ್ಲಿ. ಸಂಚಾಲಕರ ಮನೆಯಲ್ಲಿ ಊಟ ಮುಗಿಸಿ ತೇಗುತ್ತಾ ಶಾಲೆಗೆ ಕಾಲಿಟ್ಟರು.

"ಮಳೆಗಾಲದಲ್ಲಿ ಒಮ್ಮೆ ಬಂದು ನೋಡಿ ಸರ್. ಗೋಡೆ ಉಬ್ಬುದು ಉಂಟು" ಎಂದೆ.

"ಮಳೇಲಿ ಈ ಹೊಳೆ ದಾಟ್ಕೊಂಡು ಯಾರಮ್ಮ ಬರ್ತಾರೆ?" ಎಂದು ನಕ್ಕರು.

ನಾನು ಬೇಕೆಂದೇ ಅವರ ಕುರ್ಚಿಯನ್ನು ಆ ಗೋಡೆಗೆ ತಾಗಿಸಿ ಇಟ್ಟಿದ್ದೆ. ಅವರು ಗೋಡೆಯನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದರು, ಕುರ್ಚಿಯನ್ನು ದರದರನೆ ಕೋಣೆಯ ನಡುವಿಗೆ ಎಳೆದುಕೊಂಡರು, ಅಲ್ಲಿ ಕೂತು ಗೋಡೆ ಭದ್ರವಾಗಿದೆ ಎಂದು ಸಹಿ ಹಾಕಿದರು. ಮೊದಲು ಬಾರದೆ ಹಾಕುತ್ತಿದ್ದ ಸಹಿಯನ್ನು ಈಗ ಬಂದು ಹಾಕಿದರು. ಸುಧಾರಣೆ ಎಂದರೆ ಇಷ್ಟೇ.

ಸೆಗಣಿ ಸಾರಿಸಿದ ನೆಲದಲ್ಲಿ ಕುರ್ಚಿಯ ಕಾಲು ಗೀರಿದ ಗುರುತು ಉಳಿದಿತ್ತು. ಆ ಗುರುತು ನಿಂತಲ್ಲಿಂದ ಈಚೆಗೆ ಎಲ್ಲ ಮಕ್ಕಳನ್ನೂ ಒತ್ತೊತ್ತಾಗಿ ಕೂರಿಸಿದೆ. ಇಕ್ಕಟ್ಟು ಎಂದು ಸಂಚಾಲಕರು ಗದರಿದರು. ನಾನು ಜಗ್ಗಲಿಲ್ಲ.

ಆಟಿ ತಿಂಗಳ ಮಳೆಯಲ್ಲಿ, ಮಗ್ಗಿ ಹೇಳಿಸುತ್ತಿದ್ದಾಗ, ಗೋಡೆ ಒಳಕ್ಕೇ ಬಿತ್ತು. ಮಕ್ಕಳ ಕಾಲ ಬುಡದವರೆಗೆ ಮಣ್ಣು ಬಂತು. ಯಾರಿಗೂ ಏನೂ ಆಗಲಿಲ್ಲ.

ಹೊಳೆ ಇಳಿದ ಮೇಲೆ ಅದೇ ಓವರ್ಸಿಯರ್ ವಿಚಾರಣೆಗೆ ಬಂದರು. "ಮಕ್ಕಳು ಆ ಕಡೆ ಯಾಕೆ ಕೂತಿರಲಿಲ್ಲ? ಬೀಳುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತು, ಅಲ್ವಾ?" ಅವರ ಪ್ರಕಾರ ತಪ್ಪು ನನ್ನದು!

"ಗೊತ್ತಾದದ್ದು ನಿಮ್ಮಿಂದಲೇ ಸರ್. ನೀವು ಕುರ್ಚಿ ಎಳೆದದ್ದು ನಾನು ನೋಡಿದ್ದೇನೆ" ಎಂದೆ. ಅದನ್ನು ಅವರು ಬರೆದುಕೊಳ್ಳಲಿಲ್ಲ.

ಮುಂದಿನ ಬೇಸಿಗೆಗೆ ನಿಯಮ ಮತ್ತೆ ಸುಧಾರಿಸಿತು: ಕಟ್ಟಡ ಭದ್ರವೆಂದು ಟೀಚರೂ ಸಹಿ ಹಾಕಬೇಕು. ಇನ್ನೊಮ್ಮೆ ಬಿದ್ದರೆ ತಪ್ಪು ಹೊರಿಸಲು ಹತ್ತಿರದಲ್ಲೇ ಒಬ್ಬಳು ಇರಲಿ ಎಂದು. ಸಂಚಾಲಕರು ಅದೇ ಹಳೆಯ ಮಣ್ಣು ಕಲಸಿ ಎಬ್ಬಿಸಿದ ಹೊಸ ಗೋಡೆ ಬೆಳ್ಳಗೆ ನಿಂತಿತ್ತು. ಓವರ್ಸಿಯರ್ ಕಾಗದ ಚಾಚಿದರು. ನಾನು ಕುರ್ಚಿ ತಂದು ಗೋಡೆಗೆ ತಾಗಿಸಿ ಇಟ್ಟೆ.

"ಮೊದಲು ನೀವು ಇಲ್ಲಿ ಕೂತುಕೊಳ್ಳಿ ಸರ್. ಮತ್ತೆ ನಾನು ಸಹಿ ಹಾಕುದು."

ಅವರು ನಿಂತೇ ಇದ್ದರು.