ಪೀರಮ್ಮನ ದನಿ ವಿರುದ್ಧ ಒಂದು ಠರಾವು

ಸಿಂಧನೂರು ಸೀಮೆಯಲ್ಲಿ ಮೋಟರ್ ಸುಟ್ಟುಕೊಂಡ ರೈತ ಮೊದಲು ನೆನೆಯುವುದು ದೇವರನ್ನಲ್ಲ, ಇಲಿಯಾಸನನ್ನು. ಮಸ್ಕಿ ರಸ್ತೆಯ ತಗಡಿನ ಅಂಗಡಿಯಲ್ಲಿ ಇಪ್ಪತ್ತೈದು ವರ್ಷದಿಂದ ತಂತಿ ಸುತ್ತುತ್ತಿರುವ ಇಲಿಯಾಸ್ ಬಾಯಿಗಿಂತ ಕಿವಿಯನ್ನು ನಂಬಿದವನು. ತಿರುಗುವ ಮೋಟರಿಗೆ ಸ್ಕ್ರೂಡ್ರೈವರಿನ ತುದಿ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, "ಹಿಂದಿನ ಬೇರಿಂಗ್ ಹೋಗೈತಿ" ಅಂದನೆಂದರೆ ಅದು ಹೋಗಿಯೇ ಇರುತ್ತಿತ್ತು.

"ಮೋಟರ್ ಕೆಮ್ಮಿದ್ರ ಕೇಳ್ತೈತಿ, ನಾ ಕರದ್ರ ಕೇಳಂಗಿಲ್ಲ," ಎಂಬುದು ಹೆಂಡತಿ ನಾಹಿದಾಳ ನಿತ್ಯದ ದೂರು.

ಈ ಕಿವಿಯೇ ಅವನನ್ನು ಹಾಡಿನ ಕಡೆಗೂ ಎಳೆಯಿತು. ನಾಲ್ಕು ಮೈಕು, ಒಂದು ಹಳೇ ಕಂಪ್ಯೂಟರ್ ಇಟ್ಟುಕೊಂಡು ಮೊಹರಂ ಪದ, ಸಭೆ, ಭಜನೆ ರೆಕಾರ್ಡ್ ಮಾಡತೊಡಗಿದ. ಹೀಗಿರುವಾಗ ಕಾಲುವೆ ನೀರಿನ ಹೋರಾಟ ಸಮಿತಿಗೆ ಮೂವತ್ತು ವರ್ಷ ತುಂಬಿ, ಲಿಂಗಸುಗೂರಿನಲ್ಲಿ ಸಮಾವೇಶವಾಯಿತು. ಅಲ್ಲಿ ಮುಕ್ಕುಂದದ ಪೀರಮ್ಮ ಹಾಡುವುದು, ಇಲಿಯಾಸ್ ರೆಕಾರ್ಡ್ ಮಾಡುವುದು, ಆ ಹಾಡುಗಳನ್ನು ಸಮಿತಿ ಬಿಡುಗಡೆ ಮಾಡುವುದು ಎಂದು ಮಾತಾಗಿತ್ತು.

ಪೀರಮ್ಮನಿಗೆ ಅರವತ್ತು ದಾಟಿದೆ. ಎಮ್ಮೆ ಹಾಲಿನಂಥ ದಪ್ಪ ದನಿ. ಧರಣಿಯಲ್ಲಿ ಪೊಲೀಸರು ಮೈಕು ಕಿತ್ತುಕೊಂಡರೆ ಉಳಿದವರ ಬಾಯಿ ಬಂದ್ ಆಗುತ್ತಿತ್ತು, ಆಕೆಯದು ಅಲ್ಲಿಂದಲೇ ಶುರುವಾಗುತ್ತಿತ್ತು.

ಹೋರಾಟಕ್ಕೆ ಜನ ಕಡಿಮೆಯಾದಷ್ಟೂ ವೇದಿಕೆಗೆ ಜನ ಹೆಚ್ಚಾಗುವುದು ನಮ್ಮ ಕಡೆಯ ರಿವಾಜು. ಅವತ್ತು ವೇದಿಕೆಯ ಮೇಲೆ ಮೂವತ್ತೊಂದು ಕುರ್ಚಿ. ಮಸ್ಕಿಯ ಪೆಂಡಾಲಿನವನು ಖಾಲಿ ಬ್ಯಾರಲ್ ಸಾಲಾಗಿ ನಿಲ್ಲಿಸಿ, ಮೇಲೆ ಹಲಗೆ ಹಾಸಿ, ಕೆಂಪು ಬಟ್ಟೆ ಮುಚ್ಚಿದ್ದ. ಪೀರಮ್ಮ ಹಾಡುವಷ್ಟು ಹೊತ್ತೂ ಮುಖಂಡರು ಶಾಲು ಹೊದಿಸಲು, ಹೊದಿಸಿಕೊಳ್ಳಲು, ಫೋಟೋಕ್ಕೆ ನಿಲ್ಲಲು ಆ ತುದಿಯಿಂದ ಈ ತುದಿಗೆ ಓಡಾಡಿದ್ದೇ ಓಡಾಡಿದ್ದು.

ರೆಕಾರ್ಡ್ ಕೇಳಿದರೆ ಹಾಡಿನ ಅಡಿಯಲ್ಲಿ ಗುಂಯ್ ಎಂಬ ಸದ್ದು ಹುತ್ತದ ಹಾಗೆ ಎದ್ದು ಕೂತಿತ್ತು.

ಇಲಿಯಾಸನನ್ನು ಕೇಳುವ ಮೊದಲು ಸಮಿತಿ ತನಗೆ ಗೊತ್ತಿರುವ ಒಂದೇ ಕೆಲಸ ಮಾಡಿತು. ಸಭೆ ಕರೆಯಿತು. ಪೀರಮ್ಮ ನಾಟಿಗೆ ಹೋಗಿದ್ದರಿಂದ ಆಕೆಗೆ ಹೇಳಿಕಳಿಸಲಿಲ್ಲ. ಅಧ್ಯಕ್ಷ ನರಸಣ್ಣ, ಕಾರ್ಯದರ್ಶಿ ಭೀಮೇಶ ಸೇರಿ ಒಂಬತ್ತು ಜನ ಕೂತು, ಗುಂಯ್ ಎಂಬ ಸದ್ದಿಗೆ ಪೀರಮ್ಮನ ಗಂಡುದನಿಯೇ ಕಾರಣವೆಂದೂ, ಹಾಡುಗಳನ್ನು ಎಳೆದನಿಯ ಬೇರೊಬ್ಬಳಿಂದ ಹಾಡಿಸತಕ್ಕದ್ದೆಂದೂ ಸರ್ವಾನುಮತದಿಂದ ಠರಾವು ಮಾಡಿದರು.

ಠರಾವಿನ ಬುಕ್ಕು ಹಿಡಿದು ಅಧ್ಯಕ್ಷ, ಕಾರ್ಯದರ್ಶಿ ಇಬ್ಬರೂ ಇಲಿಯಾಸನ ಅಂಗಡಿಗೆ ಬಂದರು.

"ಇನ್ನೊಂದ್ಸಲ ರೆಕಾರ್ಡಿಂಗ್ ಐತಿ, ಮೈಕ್ ತಯಾರ್ ಇಟ್ಕೊ," ಅಂದ ನರಸಣ್ಣ. "ಭೀಮೇಶ ಲ್ಯಾಪ್‌ಟಾಪಿನ್ಯಾಗ ತಗ್ಗಿನ ಸದ್ದೆಲ್ಲಾ ತಗದು ನೋಡ್ಯಾನ. ಗುಂಯ್ ಹೋತು, ಖರೆ ಆಕಿ ದನಿ ಡಬ್ಬ್ಯಾಗಿನ ನೊಣ ಆದಂಗಾತು."

"ಕಾಲು ನೋಯ್ತೈತಂತ ಸೊಂಟದ ಕೆಳಗ ಕೊಯ್ದ್ರ ಹಂಗ ಆಗೂದು," ಅಂದ ಇಲಿಯಾಸ್. ಹೆಡ್‌ಫೋನ್ ಹಾಕಿಕೊಂಡು ಮೊದಲಿಂದ ಕೇಳಿದ. "ನರಸಣ್ಣಾರ, ಈ ಗುಂಯ್ ನೀವು ಭಾಷಣ ಮಾಡ್ವಾಗಿಂದ್ಲೇ ಐತಿ. ಆವಾಗ ಪೀರಮ್ಮಕ್ಕ ಎಲ್ಲಿದ್ಲು?"

"ಕೆಳಗ ಚಾ ಕುಡ್ಯಾಕತ್ತಿದ್ಲು."

"ಮತ್ತ?"

ಮಾರನೆಯ ದಿನ ಮೂವರೂ ಮಸ್ಕಿಗೆ ಹೋಗಿ ಪೆಂಡಾಲಿನವನ ಹಿತ್ತಲಲ್ಲಿ ನಿಂತರು. ಇಲಿಯಾಸ್ ಒಂದು ಬ್ಯಾರಲ್ ಮೇಲೆ ಹಲಗೆ ಇಟ್ಟು, "ಹತ್ರಿ" ಅಂದ. ನರಸಣ್ಣ ಹತ್ತಿ ಎರಡು ಹೆಜ್ಜೆ ಹಾಕಿದ. ಗುಂಯ್. ಮೊಬೈಲಿನಲ್ಲಿ ಹಿಡಿದು ರೆಕಾರ್ಡಿನ ಪಕ್ಕ ಹಚ್ಚಿದರೆ ಅಣ್ಣತಮ್ಮಂದಿರ ಹಾಗೆ ಒಂದೇ ಸ್ವರ.

"ಅಂದ್ರ ತಪ್ಪು ಬ್ಯಾರಲ್‌ದು," ಅಂದ ನರಸಣ್ಣ, ಮೇಲಿಂದಲೇ.

"ಬ್ಯಾರಲ್ ತನ್ನಷ್ಟಕ್ಕ ತಾನು ನಿಂತಿತ್ರಿ."

ಭೀಮೇಶ ಮಾತ್ರ ಬುಕ್ಕು ತೆರೆದು ಚಿಂತೆಗೆ ಬಿದ್ದ. "ಠರಾವು ಪಾಸಾಗೇತಲ್ಲ?"

ಅಂಗಡಿಗೆ ಮರಳಿ ಇಲಿಯಾಸ್ ಕೆಲಸಕ್ಕೆ ಕೂತ. ಕಂಪ್ಯೂಟರಿನಲ್ಲಿ ಸದ್ದಿನ ಒಂದು ಸಣ್ಣ ಪಟ್ಟಿಯನ್ನಷ್ಟೇ ಎತ್ತಿ, ತಗ್ಗಿನಿಂದ ಮೇಲಕ್ಕೆ ನಿಧಾನ ಸರಿಸುತ್ತಾ ಹೋದ. ಒಂದು ಕಡೆ ಅದು ಗೂಳಿಯಂತೆ ಗುಟುರು ಹಾಕಿತು. ಅಷ್ಟನ್ನೇ ಹಿಡಿದು ಅಮುಕಿದ. ಅಕ್ಕಪಕ್ಕದ ಕೂದಲೂ ಕೊಂಕಲಿಲ್ಲ. ಪೀರಮ್ಮನ ದನಿ ಎದೆಯ ಸಮೇತ ಹೊರಗೆ ಬಂತು. ಆದರೆ ಕೊನೆಯ ಹಾಡಿನ ಒಂದು ಸಾಲಿನಲ್ಲಿ ಆಕೆ ಇಳಿದು ಇಳಿದು ಸರಿಯಾಗಿ ಬ್ಯಾರಲಿನ ಸ್ವರದ ಮೇಲೆಯೇ ಕೂತಿದ್ದಳು. ಅಲ್ಲಿ ಅಮುಕಿದರೆ ಆಕೆಯೂ ಹೋಗುತ್ತಿದ್ದಳು. ಎರಡು ದಿನ ಗುದ್ದಾಡಿ ಸೋತು, ನರಸಣ್ಣ, ಭೀಮೇಶರ ಜೊತೆ ಪೀರಮ್ಮನನ್ನೂ ಕರೆಸಿದ.

ಪೀರಮ್ಮ ಗದ್ದೆಯಿಂದ ನೇರ ಬಂದಳು, ಮೊಣಕಾಲತನಕ ಕೆಸರು. ಠರಾವಿನ ಸುದ್ದಿ ಆಗಲೇ ಮುಟ್ಟಿತ್ತು.

"ಏನಪಾ ಭೀಮೇಶ, ನನ್ನ ಗಂಟ್ಲಕ್ಕ ಒಂಬತ್ತು ಮಂದಿ ಕೈ ಎತ್ತೀರಂತ? ನೀರು ಬಿಡಸಾಕ ಹೋದಾಗ ನಾಕು ಕೈ ಏಳ್ತಿರಲಿಲ್ಲಲ್ಲ!"

ಭೀಮೇಶ ಬುಕ್ಕಿನಲ್ಲಿ ಏನೋ ಹುಡುಕತೊಡಗಿದ. ಆಕೆ ಹೆಡ್‌ಫೋನ್ ಹಾಕಿಕೊಂಡು ಆ ಸಾಲನ್ನು ಮೂರು ಸಲ ಕೇಳಿದಳು.

"ಇದನ್ನ ತಗದ್ರ ನಾನೂ ಹೋಗ್ತೀನೇನು?"

"ಹೂಂ ಅಕ್ಕ. ಅದ ವ್ಯಾಳ್ಯಾಕ ನರಸಣ್ಣಾರು ಹಿಂದ ಫೋಟೋಕ್ಕ ಓಡ್ಯಾಡಾಕತ್ತಿದ್ರು."

"ಹಂಗಾರ ಇರ್ಲಿ ಬಿಡು. ಮೂವತ್ತು ವರ್ಷ ಇವ್ರನ್ನ ಹೊತ್ತೀನಿ, ಇನ್ನೊಂದು ಸಾಲು ಹೊರಂಗಿಲ್ಲೇನು? ಠರಾವು ಮಾತ್ರ ಈಗ ಹೊಡದ ಹಾಕ್ರಿ, ನನ್ನ ಮುಂದ."

ಭೀಮೇಶ ಅಧ್ಯಕ್ಷರ ಮುಖ ನೋಡಿದ. ನರಸಣ್ಣ ಸೂರು ನೋಡಿದ. ಇಲಿಯಾಸ್ ಪೆನ್ನು ಮುಂದೆ ಚಾಚಿದ. ಎರಡು ಅಡ್ಡಗೆರೆ ಬಿದ್ದವು; ಕೆಳಗೆ ಪೀರಮ್ಮ ಕೆಸರುಗೈಯಿಂದಲೇ ರುಜು ಹಾಕಿದಳು.

ಹಾಡು ಬಿಡುಗಡೆಯಾಗಿ ಈಗ ಮೊಬೈಲಿಂದ ಮೊಬೈಲಿಗೆ ದಾಟಿ ಗುರುಗುಂಟಾ ಊರಿನ ತನಕ ಮುಟ್ಟಿದೆ. ನಾಚಿಕೊಳ್ಳಬೇಕಾಗಿದ್ದ ನರಸಣ್ಣ ಹೋಟೆಲಿನಲ್ಲಿ ಸಿಕ್ಕವರನ್ನು ಕೂರಿಸಿ, ಆ ಒಂದು ಸಾಲನ್ನೇ ಹಚ್ಚಿ, ಬೆರಳೆತ್ತಿ, "ಕೇಳ್ರಿ, ಕೇಳ್ರಿ, ಗುಂಯ್ ಅಂತಲ್ಲ, ಅದು ನಾನು," ಅನ್ನುತ್ತಾನೆ.

ಕೇಳಿದವರು ಚಹಾದ ಕಪ್ಪು ಕೆಳಗಿಟ್ಟು, "ಅದಿರ್ಲಿರೀ, ಹಾಡಾಕತ್ತಾಕಿ ಯಾರು?" ಅನ್ನುತ್ತಾರೆ.