ನಾಟಕದಕ್ಕ ಹಾಡಿದ ಕುಣಿತದ ಹಾಡು

ಅವರಿಗೆ ಹುಬ್ಬೇ ಇರಲಿಲ್ಲ. ಬಣ್ಣ ಹಚ್ಚಲು ಅಡ್ಡಿಯೆಂದು ಹರೆಯದಲ್ಲಿ ಬೋಳಿಸಿ ಬೋಳಿಸಿ ಕೂದಲು ಬರುವುದೇ ನಿಂತುಹೋಗಿತ್ತು. ಹಾಲು ತರಲಿಕ್ಕೂ ಕಾಡಿಗೆಯಿಂದ ಹುಬ್ಬು ತೀಡಿಕೊಂಡೇ ಹೊರಡುತ್ತಿದ್ದರು. ಬನಹಟ್ಟಿಯ ನಮ್ಮ ಓಣಿಗೆಲ್ಲ ಅವರು ನಾಟಕದಕ್ಕ.

ಊರಿನ ಹಳೆಯ ನಾಟಕ ಥಿಯೇಟರಿನಲ್ಲಿ ಹಾಡಿ ಕುಣಿದವರು. ಅವರನ್ನು ನೋಡಲು ಜಮಖಂಡಿ, ಮುಧೋಳ, ತೇರದಾಳದಿಂದ ಮಂದಿ ಬರುತ್ತಿದ್ದರಂತೆ. ಆ ಥಿಯೇಟರಿನ ಇತಿಹಾಸ ಬರೆಯುವ ಹುಚ್ಚು ನನಗೆ ಹಿಡಿಯಿತು. ಉಳಿದಿದ್ದ ಕಲಾವಿದರು ಅವರೊಬ್ಬರೇ. ಆದರೆ ಅವರಿಂದ ಒಂದು ನೆಟ್ಟಗಿನ ಮಾತು ಹೊರಡಿಸುವಷ್ಟರಲ್ಲಿ ಜೀವ ಹೈರಾಣಾಗುತ್ತಿತ್ತು. ಥಿಯೇಟರ್ ಕಟ್ಟಿಸಿದವರು ಯಾರೆಂದು ಕೇಳಿದರೆ ಒಂದು ದಿನ ರಬಕವಿಯ ಸಾಹುಕಾರ, ಮರುದಿನ ಕಂಪನಿಯ ಮಾಲಕ.

“ನಿನ್ನಿ ಬ್ಯಾರೇನ ಹೇಳಿದ್ರಲ್ರಿ?”

“ನಿನ್ನಿ ಪಾರ್ಟ್ ಬ್ಯಾರೆ ಇತ್ತಲೇ. ಚಾ ಕುಡಿ.”

ನನಗೆ ಮುಖ್ಯವಾಗಿ ಬೇಕಿದ್ದದ್ದು ಪರದೆ ಏಳುವ ಮುನ್ನ ಅವರು ಹಾಡುತ್ತಿದ್ದ ಕುಣಿತದ ಹಾಡು. ಅದು ಬೇರೆ ಯಾರಿಗೂ ಬರುತ್ತಿರಲಿಲ್ಲ. ಮೊಬೈಲ್ ಹಿಡಿದು ಎಷ್ಟು ಗೋಗರೆದರೂ ಒಂದೇ ಉತ್ತರ: “ಅದು ಸ್ಟೇಜಿನ ಹಾಡು. ಅಡಿಗಿಮನ್ಯಾಗ ಹಾಡಂಗಿಲ್ಲ.”

ಕೊನೆಗೆ ಥಿಯೇಟರಿಗೇ ಕರೆದೊಯ್ದೆ. ಅಲ್ಲೀಗ ಪವರ್‌ಲೂಮುಗಳು. ಸ್ಟೇಜಿದ್ದ ಜಾಗ ಹುಡುಕಿ, ಚಪ್ಪಲಿ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಹಾಡಲು ನಿಂತೇಬಿಟ್ಟರು. ನಾನು ಒಂದು ಕೈಯಲ್ಲಿ ಮೊಬೈಲಿನ ವಿಡಿಯೋ ಹಿಡಿಯುತ್ತ, ಮಗ್ಗ ನಿಲ್ಲಿಸಿರೆಂದು ಇನ್ನೊಂದು ಕೈಯಿಂದ ಸನ್ನೆ ಮಾಡಿದರೆ ನೇಕಾರರು ಕ್ಯಾರೇ ಎನ್ನಲಿಲ್ಲ. ಆ ಖಟಾಖಟ್ ಗದ್ದಲದಲ್ಲಿ ಅವರ ಬಾಯಿ ಆಡುವುದು, ಕೈ ತಿರುಗುವುದು ಕಂಡಿತು. ಒಂದಕ್ಷರ ಕೇಳಲಿಲ್ಲ. ಅಷ್ಟರಲ್ಲಿ ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ದೇವರು ಕಣ್ಣು ತೆರೆದನೆಂದುಕೊಂಡೆ. ನೋಡಿದರೆ ಅವರು ಕೈಮುಗಿದು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಹಾಡು ಮುಗಿದಿತ್ತು.

“ಅಕ್ಕಾರ, ಇನ್ನೊಮ್ಮೆ ಹಾಡ್ರಿ, ಏನೂ ಕೇಳಲಿಲ್ಲ!”

“ಒನ್ಸ್ ಮೋರ್ ಮಂದಿ ಕೂಗಬೇಕ ತಮ್ಮಾ. ನೀ ಒಬ್ಬಾಂವ ಬೇಡಿಕೊಂಡ್ರ ನಡಿಯಂಗಿಲ್ಲ. ನಮ್ಮ ಕಂಪನ್ಯಾಗ ಆ ಪದ್ಧತಿ ಇಲ್ಲ.”

ಚಹಾಕ್ಕೆ ಹೊರಟಿದ್ದ ನೇಕಾರರ ಬೆನ್ನು ಹತ್ತಿದೆ. “ಒನ್ಸ್ ಮೋರ್ ಅಂತ ಒಂದ್ಸಲ ಕೂಗ್ರೆಪಾ!”

“ಹೆಂಗ ಕೂಗೂದ್ರಿ? ನಮಗರ ಏನ್ ಕೇಳೇತಿ?” ಎಂದು ಒಬ್ಬ ನಕ್ಕ. ಅದೂ ಖರೆಯೇ.

ಸಿಟ್ಟಿನಲ್ಲಿ ಹಲವು ದಿನ ಅವರ ಮನೆಯ ಕಡೆ ಹೋಗಲಿಲ್ಲ. ಅವರು ಮಾತ್ರ ಓಣಿಯಲ್ಲಿ ಸಿಕ್ಕವರಿಗೆಲ್ಲ “ಥೇಟರಿನ್ಯಾಗ ಹಾಡಿ ಬಂದೆ” ಎಂದು ಹೇಳಿಕೊಂಡು ತಿರುಗಿದರು. ಆ ಬೇಸಿಗೆಯಲ್ಲೇ ತೀರಿಕೊಂಡರು.

ಹಾಡು ಹೋಯಿತೆಂದು ಇಂದಿಗೂ ಹೊಟ್ಟೆ ಉರಿಯುತ್ತದೆ. ಮಗ್ಗದ ಸದ್ದಷ್ಟೇ ತುಂಬಿದ ಆ ವಿಡಿಯೋ ಅಳಿಸಬೇಕೆಂದು ಎಷ್ಟೋ ಸಲ ತೆರೆದಿದ್ದೇನೆ. ಆದರೆ ಅದರಲ್ಲಿ ಅವರು ನನ್ನ ಕಡೆ ನೋಡುತ್ತಲೇ ಇಲ್ಲ. ನನ್ನ ತಲೆಯ ಮೇಲಿಂದ, ಕಟ್ಟಕಡೆಯ ಸಾಲಿನವರಿಗೆ ಕೇಳಿಸಲೆಂದು ಹಾಡುತ್ತಿದ್ದಾರೆ.